ಒಂದು ಕಿಲೋ ಬೇಳೆ

ಬೆಳಿಗ್ಗೆ ಬೇಳೆ ಪ್ಯಾಕೆಟ್ ಒಡೆದು ಡಬ್ಬಿಗೆ ಸುರಿಯುವಾಗ ಉದಯಪುರ ನೆನಪಾಯ್ತು. ರಾಜಸ್ಥಾನದ ಆ ಜಿಲ್ಲೆಯ ಹಳ್ಳಿಗಳಲ್ಲಿ ಮಕ್ಕಳಿಗೆ ಲಸಿಕೆ ಪೂರ್ತಿ ಆಗುತ್ತಿದ್ದದ್ದೇ ಅಪರೂಪ. ಅಲ್ಲಿನ ಸೇವಾ ಮಂದಿರ ಅನ್ನೋ ಸ್ವಯಂಸೇವಾ ಸಂಸ್ಥೆಯವರು ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಅವರ ತಂಡದ ಜೊತೆ ಸೇರಿ 134 ಹಳ್ಳಿಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಕೆಲವು ಕಡೆ ತಿಂಗಳಿಗೊಮ್ಮೆ ತಪ್ಪದೆ ಲಸಿಕೆ ಶಿಬಿರ. ಇನ್ನು ಕೆಲವು ಕಡೆ ಶಿಬಿರದ ಜೊತೆಗೆ ಪ್ರತಿ ಸಲ ಒಂದು ಕಿಲೋ ಬೇಳೆ, ಎಲ್ಲ ಲಸಿಕೆ ಮುಗಿದ ಮೇಲೆ ಊಟದ ತಟ್ಟೆಗಳು. ಉಳಿದ ಕಡೆ ಎಲ್ಲ ಮೊದಲಿನ ಹಾಗೇ.

ಆಮೇಲೆ ಎಣಿಸಿದರು. ಏನೂ ಮಾಡದ ಕಡೆ ಪೂರ್ತಿ ಲಸಿಕೆ ಆದ ಮಕ್ಕಳು ನೂರಕ್ಕೆ 6. ಬರೀ ಶಿಬಿರ ಇದ್ದ ಕಡೆ 18. ಬೇಳೆ ಕೊಟ್ಟ ಕಡೆ 39! ಬೇಳೆ ಕೊಟ್ಟರೆ ಖರ್ಚು ಜಾಸ್ತಿ ಅನಿಸುತ್ತೆ, ಅಲ್ವಾ? ಆದರೆ ಪೂರ್ತಿ ಲಸಿಕೆ ಆದ ಒಂದು ಮಗುವಿಗೆ ಬಿದ್ದ ಖರ್ಚು ಬರೀ ಶಿಬಿರ ಇದ್ದ ಕಡೆಗಿಂತ ಹೆಚ್ಚು ಕಡಿಮೆ ಅರ್ಧಕ್ಕಿಳಿಯಿತು. ಜನ ಬರಲಿ ಬಿಡಲಿ, ನರ್ಸ್ ಅಲ್ಲಿ ಕೂತಿರಲೇಬೇಕಲ್ಲ. ಈಗ ಅದೇ ಹೊತ್ತಿನಲ್ಲಿ ಜಾಸ್ತಿ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬಂದರು.

ಮನೆ ಮನೆಗೆ ಹೋಗಿ ಎಣಿಸಲು ಯಾರೋ ದುಡ್ಡು ಕೊಟ್ಟಿದ್ದಕ್ಕೇ ಇದು ಗೊತ್ತಾಗಿದ್ದು. ಲಸಿಕೆಗೆ ಕೊಡುವವರು ಸಿಗುತ್ತಾರೆ, ಎಣಿಕೆಗೆ ಕೊಡುವವರು ಕಮ್ಮಿ. ನನ್ನ ಕೈಲಿ ಕೊಡುವಷ್ಟು ಇದ್ದರೆ ಮೊದಲು ಆ ಎಣಿಕೆಗೇ ಕೊಡುತ್ತೇನೆ.