ಹೆಸರು ಕೆತ್ತಿದ ಮಾತ್ರಕ್ಕೆ ಮುಖ ಅವನದೇ ಆಗುವುದಿಲ್ಲ

ಬೆಂಗಳೂರಿನಲ್ಲಿ ಕೂತು ಹೊರದೇಶದ ಹಳೇ ಮುದ್ರಿತ ಚಿತ್ರಗಳಿಗೆ ವಿವರ ಬರೆಯುವುದು ನನ್ನ ಕೆಲಸ. ಸ್ಕ್ಯಾನ್ ಬರುತ್ತದೆ. ಚಿತ್ರದಲ್ಲಿರುವುದು ಯಾರು, ಕೆತ್ತಿದವರು ಯಾರು, ಯಾವ ವರ್ಷ ಅಂತ ತುಂಬಬೇಕು. ಹೊಸಬರು ಸೇರಿದಾಗ ನಾನು ಮೊದಲು ತೆರೆದು ತೋರಿಸುವುದು ಗೈ ಫಾಕ್ಸ್ ಇರುವ ಚಿತ್ರವನ್ನೇ.

1605ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ದೊರೆ ಜೇಮ್ಸ್ ಪಾರ್ಲಿಮೆಂಟಿಗೆ ಬಂದಾಗ ಲಾರ್ಡ್ಸ್ ಸಭೆಯ (ಮೇಲ್ಮನೆಯ) ಸಮೇತ ಸಿಡಿಸಿಬಿಡಬೇಕು ಅಂತ ಕೆಲವು ಕ್ಯಾಥೊಲಿಕರು ಸಂಚು ಮಾಡಿದ್ದರು. ಕೆಳಗಿನ ಕೋಣೆಯಲ್ಲಿ 36 ಪೀಪಾಯಿ ಸಿಡಿಮದ್ದು ಕಾಯುತ್ತಿದ್ದ ಫಾಕ್ಸ್ ಸಿಕ್ಕಿಬಿದ್ದ. ಆಮೇಲೆ ಕ್ರಿಸ್ಪಿನ್ ವಾನ್ ಡೆ ಪಾಸ್ ಅನ್ನುವ ಕಲಾವಿದ ಸಂಚುಕೋರರನ್ನು ತಾಮ್ರದ ತಗಡಿನ ಮೇಲೆ ಕೆತ್ತಿದ.

ಚಿತ್ರವನ್ನು ಜೂಮ್ ಮಾಡಿ ನೋಡಿ. ಎಂಟು ಜನ ಒತ್ತಾಗಿ ನಿಂತು ಏನೋ ಮಾತಾಡುತ್ತಿದ್ದಾರೆ. ಎತ್ತರದ ಟೋಪಿ, ಚೂಪು ಗಡ್ಡ, ತಲೆ ಮೇಲೆ ಹೆಸರು. ಫಾಕ್ಸ್ ಬಲದಿಂದ ಮೂರನೆಯವನು, ಹೆಸರು ‘ಗೈಡೊ’ (ಗೈ ಅನ್ನುವ ಹೆಸರಿನ ಇನ್ನೊಂದು ರೂಪ) ಅಂತಿದೆ. ಅವನ ಪಕ್ಕದಲ್ಲೇ ಸಂಚಿನ ಮುಖ್ಯಸ್ಥ ಕೇಟ್ಸ್‌ಬಿ. ಹೆಸರುಗಳನ್ನು ಮುಚ್ಚಿದರೆ ಯಾರು ಯಾರು ಅಂತ ಹೇಳುವುದು ಕಷ್ಟ.

"ಸರ್, ಹೆಸರೇ ಬರೆದಿದೆಯಲ್ಲ, ಇನ್ನೇನು ಬೇಕು?" ಅಂತ ಹುಡುಗರು ಕೇಳುತ್ತಾರೆ. ಒಳ್ಳೇ ಪ್ರಶ್ನೆ. ಕೆತ್ತಿದವನು ಆಗ ಇದ್ದದ್ದು ಜರ್ಮನಿಯ ಕಲೋನ್‌ನಲ್ಲಿ. ಈ ಎಂಟು ಜನರಲ್ಲಿ ಕೇಟ್ಸ್‌ಬಿ, ಪರ್ಸಿ, ರೈಟ್ ಸಹೋದರರು ನವೆಂಬರ್ 8ಕ್ಕೇ ಗುಂಡೇಟಿಗೆ ಸತ್ತಿದ್ದರು. ಉಳಿದ ನಾಲ್ವರನ್ನು ಜನವರಿ ಕೊನೆಯಲ್ಲಿ ಕೊಂದರು. ಇವರನ್ನೆಲ್ಲ ಒಟ್ಟಿಗೆ ನಿಲ್ಲಿಸಿ ನೋಡಿ ಬರೆಯುವ ಅವಕಾಶ ಅವನಿಗೆ ಎಲ್ಲಿತ್ತು? ಸುದ್ದಿ ಬಿಸಿಯಾಗಿತ್ತು, ಜನಕ್ಕೆ ಮುಖ ಬೇಕಿತ್ತು.

ಹಾಗಾಗಿ ನಮ್ಮಲ್ಲಿ ಎರಡು ವಿಷಯಗಳನ್ನು ಬೇರೆ ಬೇರೆ ಬರೆಯುತ್ತೇವೆ. ಚಿತ್ರದ ಮೇಲೆ ಯಾರ ಹೆಸರಿದೆ ಅನ್ನುವುದು ಒಂದು. ಆ ಮುಖವನ್ನು ನೋಡಿಯೇ ಬರೆದದ್ದಕ್ಕೆ ಆಧಾರ ಇದೆಯಾ ಅನ್ನುವುದು ಇನ್ನೊಂದು. ಎರಡನ್ನೂ ಒಂದೇ ಸಾಲಿಗೆ ತುರುಕಿದರೆ, ನಮ್ಮ ಊಹೆ ನಾಳೆ ಇನ್ಯಾರದೋ ಪಾಠಪುಸ್ತಕದಲ್ಲಿ ಸತ್ಯವಾಗಿ ಕೂರುತ್ತದೆ. ಇದು ನನಗೆ ನಿಜಕ್ಕೂ ಚಿಂತೆಯ ವಿಷಯ.

ನಕಲುಗಳ ಕಾಟ ಇನ್ನೂ ಜಾಸ್ತಿ. ಈ ಗುಂಪಿನಿಂದ ಫಾಕ್ಸ್‌ನನ್ನು ಮಾತ್ರ ಎತ್ತಿ ಮುಂದಿನ ಕಾಲದವರು ಬಿಡಿ ಭಾವಚಿತ್ರ ಮಾಡಿದ್ದಾರೆ. ತಗಡಿನ ಮೇಲೆ ಕೆತ್ತಿದ್ದು ಕಾಗದದ ಮೇಲೆ ಎಡಬಲ ತಿರುಗಿ ಬೀಳುತ್ತದೆ. ಮುದ್ರಣವನ್ನು ಇದ್ದ ಹಾಗೇ ನೋಡಿ ಮತ್ತೊಂದು ತಗಡಿಗೆ ಕೆತ್ತಿದರೆ ಹೊಸ ಚಿತ್ರ ಕನ್ನಡಿಯಲ್ಲಿ ಕಂಡಂತೆ ಬರುತ್ತದೆ. ಅದಕ್ಕೇ ಮುಖ ಯಾವ ಕಡೆ ತಿರುಗಿದೆ ಅಂತ ಮೊದಲು ನೋಡಿ. ಇಂಥ ಹತ್ತು ನಕಲು ಸಿಕ್ಕರೂ ಸಾಕ್ಷಿ ಒಂದೇ, ಅಲ್ವಾ?

ಫಾಕ್ಸ್‌ನ ಸ್ವಂತ ಗುರುತು ಬೇಕಾದವರು ಬ್ರಿಟನ್ನಿನ ರಾಷ್ಟ್ರೀಯ ದಾಖಲೆಗಳ ಭಂಡಾರದಲ್ಲಿರುವ ಅವನ ಸಹಿಗಳನ್ನು ನೋಡಬೇಕು. ಚಿತ್ರಹಿಂಸೆಯ ನಂತರ ಹಾಕಿದ ಸಹಿಯಲ್ಲಿ ಅಕ್ಷರಗಳು ನಡುಗಿ ಮಸುಕಾಗಿವೆ. ಅದನ್ನು ಬರೆದ ಕೈ ಅವನದೇ.