ಮಳೆ ನಿಂತ ಮೇಲೆ ಶೆಡ್ಡಿನಲ್ಲಿ

ಮೂರು ವಾರದಿಂದ ಕಾಫಿ ಕಣದ ಪಕ್ಕದ ಶೆಡ್ಡೇ ನನ್ನ ಗ್ಯಾರೇಜು. ತಿರುವಿನಲ್ಲಿ ಟಕಟಕ ಸದ್ದು ಬರುತ್ತಿತ್ತು ಅಂತ ಹಳೆಯ ಆಡಿ ಟಿಟಿ ಕಾರಿನ ಮುಂದಿನ ಸಸ್ಪೆನ್ಷನ್ (ಚಕ್ರದ ಕುಲುಕಾಟ ತಡೆಯುವ ಜೋಡಣೆ) ಬಿಚ್ಚಿದ್ದೆ. ನಮ್ಮ ಮಡಿಕೇರಿ ಮಳೆಗೆ ಬೋಲ್ಟುಗಳೆಲ್ಲ ತುಕ್ಕು ಹಿಡಿದು ಕೂತಿದ್ದವು. ಎಣ್ಣೆ ಬಿಟ್ಟು ರಾತ್ರಿಯೆಲ್ಲ ಕಾಯಬೇಕಾಯಿತು. ಚಕ್ರವನ್ನು ಗಾಡಿಗೆ ಹಿಡಿದಿಡುವ ಆರ್ಮ್‌ಗಳನ್ನು ಉಜ್ಜಿ, ಪ್ರೈಮರ್ ಹೊಡೆದು, ಕಪ್ಪು ಬಣ್ಣ ಬಳಿದೆ. ಕೈಯಲ್ಲಿ ಹಿಡಿದು ನೋಡಿದಾಗಲೇ ಅವು ಎಷ್ಟು ಭಾರ ಹೊತ್ತಿದ್ದವು ಅಂತ ಗೊತ್ತಾಗುವುದು, ಅಲ್ವಾ?

ಆರ್ಮ್‌ನ ಕೀಲಿಗೆ ಹೊಸ ರಬ್ಬರ್ ಬುಶ್ ಹಾಕುವವರಿಗೆ ಒಂದು ಮಾತು. ಗಾಡಿ ಎತ್ತಿ ಚಕ್ರ ಜೋತು ಬಿದ್ದಿರುವಾಗ ಬುಶ್‌ನ ಬೋಲ್ಟ್ ಪೂರ್ತಿ ಬಿಗಿಯಬೇಡಿ. ಹಾಗೆ ಬಿಗಿದರೆ, ಗಾಡಿ ಕೆಳಗಿಳಿಸಿದ ಮೇಲೆ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಚಕ್ರದ ಮೇಲೆ ಭಾರ ಬಂದ ಮೇಲೆಯೇ ಕೊನೆಯ ಬಿಗಿ.

ನಿನ್ನೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ ಸಂಪಾಜೆ ಘಾಟಿ ಇಳಿದೆ. ತಿರುವಿನಲ್ಲಿ ಆ ಟಕಟಕ ಸದ್ದು ಇಲ್ಲ. ಅಪ್ಪ ಕಿಟಕಿ ಇಳಿಸಿ ಸುಮ್ನೆ ಕೇಳುತ್ತಾ ಕೂತಿದ್ದರು.