ದವಡೆ ನೋಡು

ಭಾನುವಾರ ಅತ್ತೆ ಅಂದ ಮಾತು ಇನ್ನೂ ತಲೆಯಿಂದ ಇಳಿದಿಲ್ಲ.

ಉಯೆನೊದ ಟೋಕಿಯೊ ನ್ಯಾಷನಲ್ ಮ್ಯೂಸಿಯಂಗೆ ಕರ್ಕೊಂಡು ಹೋಗಿದ್ವಿ. ನಮ್ಮ ಯಜಮಾನ್ರು ಎಂದಿನ ಹಾಗೆ ಪ್ರತಿ ಗಾಜಿನ ಮುಂದೆಯೂ ಪಾಠ ಶುರು. (ಅವರಿಗೆ ಕೇಳೋರೊಬ್ಬರು ಸಿಕ್ಕರೆ ಸಾಕು, ನೋಡೋದು ಆಮೇಲೆ.) ಮರದಚ್ಚಿನ ಚಿತ್ರಗಳ ಸಾಲಿನಲ್ಲಿ ಶರಾಕು ಅನ್ನೋ ಚಿತ್ರಕಾರನದೊಂದು ಇತ್ತು. 1794ರದ್ದು. ಜಪಾನಿನ ಕಬುಕಿ ನಾಟಕದ ನಟ ಮೂರನೇ ಸೆಗಾವಾ ಕಿಕುನೊಜೊ, ಒಶಿಜು ಅನ್ನೋ ಗೃಹಿಣಿಯ ವೇಷದಲ್ಲಿ. ಹಿನ್ನೆಲೆಗೆ ಅಭ್ರಕದ ಪುಡಿ ಬಳಸಿದ್ದಾರೆ, ಸ್ವಲ್ಪ ಬಗ್ಗಿದರೆ ಮಿನುಗುತ್ತೆ. ಇವರು ಆ ಅಭ್ರಕದ ಕಥೆ ಹೇಳ್ತಿರೋವಾಗಲೇ ಅತ್ತೆ ನನ್ನ ಮೊಣಕೈ ತಿವಿದರು.

"ಇದು ಗಂಡ್ಸಲ್ವೇನೇ? ದವಡೆ ನೋಡು."

1629ರಲ್ಲೇ ಹೆಂಗಸರು ಕಬುಕಿ ರಂಗ ಹತ್ತಬಾರದು ಅಂತ ಶೋಗನ್ ಸರ್ಕಾರ ತಡೆದಿದ್ದು, ಹೆಣ್ಣು ಪಾತ್ರದ ಗಂಡಸರಿಗೆ ಒನ್ನಗಾತಾ ಅನ್ನೋದು, ಯಾವುದನ್ನೂ ಅವರಿಗೆ ಯಾರೂ ಹೇಳಿರಲಿಲ್ಲ.

"ಹೌದತ್ತೆ, ಗಂಡಸೇ."

"ಮತ್ತೆ ಹೆಂಗಸಿನ ಥರಾನೇ ಬರೀಬೇಕಿತ್ತಪ್ಪ. ಪಾಪ, ಇದನ್ನ ನೋಡಿ ಅವನಿಗೆಷ್ಟು ಬೇಜಾರಾಯ್ತೋ."

ಆಗಿನ ಎದೊ, ಅಂದರೆ ಈಗಿನ ಟೋಕಿಯೊ, ಪಟ್ಟಣದವರ ತಕರಾರೂ ಹೆಚ್ಚುಕಮ್ಮಿ ಇದೇ. ಆಗ ಇವು ಮ್ಯೂಸಿಯಂ ಸರಕಲ್ಲ, ನಮ್ಮೂರ ಸಲೂನಿನ ಗೋಡೆಯ ರಾಜ್‌ಕುಮಾರ್ ಪೋಸ್ಟರ್ ಇದ್ದ ಹಾಗೆ. ಕಾಸು ಕೊಟ್ಟವನಿಗೆ ತನ್ನ ನಟ ಚಂದ ಕಾಣಬೇಕು. ಅದೇ ಕಾಲಕ್ಕೆ ಟೊಯೊಕುನಿ ಅನ್ನೋ ಇನ್ನೊಬ್ಬ ಚಿತ್ರಕಾರ ನಟರನ್ನ ನುಣುಪಾಗಿ ಬರೆದು ಗೆದ್ದ. ಶರಾಕು ಸುಕ್ಕು, ಮೂಗು, ದವಡೆ ಯಾವುದನ್ನೂ ಬಿಡಲಿಲ್ಲ. ಪ್ರಕಾಶಕ ತ್ಸುತಾಯಾ ಜೂಜಬುರೊ ಹೆಸರೇ ಕೇಳಿರದವನ 28 ಚಿತ್ರಗಳನ್ನ ಮೊದಲ ಕಂತಲ್ಲೇ ಅಚ್ಚು ಹಾಕಿಸಿದ. ಅಂಥ ಗುಂಡಿಗೆ ಈಗಿನ ಯಾವ ಪ್ರಕಾಶಕರಿಗಿದೆಯೋ ಕಾಣೆ. ಹತ್ತು ತಿಂಗಳು, 140ಕ್ಕೂ ಹೆಚ್ಚು ಚಿತ್ರ, 1795ರ ಶುರುವಿಗೆ ಶರಾಕು ಪತ್ತೆಯಿಲ್ಲ. ನಿಜ ಬರೆಯೋ ಹಟಕ್ಕೆ ಬಿದ್ದು ಬಹಳ ದಿನ ನಿಲ್ಲಲಿಲ್ಲ ಅಂತ ಆ ಕಾಲದ ಲೇಖಕ ಓತಾ ನಂಪೊ ಬರೆದಿಟ್ಟಿದ್ದಾನೆ.

ನಾನು ಮೊದಲಿಂದಲೂ ಶರಾಕು ಪಕ್ಷ. ಆದರೆ "ಪಾಪ" ಅನ್ನೋ ಪದ ಕಿಕುನೊಜೊಗೆ ಸಲ್ಲಬೇಕಾದ್ದು ಅಂತ ಒಮ್ಮೆಯೂ ಹೊಳೆದಿರಲಿಲ್ಲ. ಒನ್ನಗಾತಾ ಆದವನು ರಂಗದಾಚೆಯೂ ಹೆಣ್ಣಾಗೇ ಬಾಳಬೇಕು ಅಂತ ಹಿಂದಿನ ಕಾಲದ ಹೆಸರಾಂತ ಒನ್ನಗಾತಾ ಯೊಶಿಜಾವಾ ಅಯಾಮೆ ಹೇಳಿಕೊಟ್ಟ ಕಸುಬು ಅದು. ನಡಿಗೆ, ದನಿ, ಬೆರಳು ಎಲ್ಲ ತಿದ್ದಿಕೊಂಡವನು. ಕಿವಿಯಿಂದ ಗಲ್ಲಕ್ಕೆ ಇಳಿದ ಒಂದು ಗೆರೆ ಅವನನ್ನ ಹಿಡಿದುಕೊಟ್ಟಿತು. ತುಮಕೂರಿಂದ ಬಂದ ಹೆಂಗಸೊಬ್ಬರು 230 ವರ್ಷ ಆದಮೇಲೂ ಕಂಡುಹಿಡಿಯೋ ಹಾಗೆ!

ಹೊರಗೆ ಕೊಳದ ಹತ್ತಿರ ಅತ್ತೆಯದೊಂದು ಫೋಟೊ ತೆಗೆದೆ. ರಾತ್ರಿ ಫೋನಲ್ಲಿ ಚೂರು ಮುಖ ತೆಳ್ಳಗೆ ಮಾಡಿ, ಕಣ್ಣಡಿಯ ಕಪ್ಪು ಒರೆಸಿ, ಗ್ರೂಪಿಗೆ ಹಾಕಿದೆ. ಅತ್ತೆ ಕನ್ನಡಕ ಏರಿಸಿ ನೋಡಿದರು.

"ಇದ್ಯಾರೇ?"

"ನೀವೇ ಅತ್ತೆ."

ಇನ್ನೊಂದು ಸಲ ನೋಡಿದರು. "ಇರ್ಲಿ ಬಿಡು, ತೆಗೀಬೇಡ."